ಅಮ್ಮನ ಎಕ್ಸ್‌ರೇ ರಿಪೋರ್ಟಲ್ಲಿ ಬರ್ದಿರೋದು ಸ್ವಲ್ಪ ಬಿಡಿಸಿ ಹೇಳ್ತೀರಾ ಡಾಕ್ಟ್ರೇ

ಪ್ರಶ್ನೆ (ಬೇಲೂರು ಕಡೆಯವರು): ನಮಸ್ಕಾರ ಡಾಕ್ಟ್ರೇ. ನಮ್ಮಮ್ಮಂಗೆ 63 ವರ್ಷ, ಮೊನ್ನೆ ಮಳೇಲಿ ಕೊಟ್ಟಿಗೆ ಮುಂದೆ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ರು, ಬೀಳೋವಾಗ ಬಲಗೈ ಊರವ್ರೆ, ಮಣಿಕಟ್ಟು ಊದ್ಕೊಂಡು ಸೊಟ್ಟಗಾಗಿತ್ತು. ಹಾಸನಕ್ಕೆ ಕರ್ಕೊಂಡೋಗಿ ಎಕ್ಸ್‌ರೇ ಮಾಡ್ಸಿದ್ವಿ, ಮೂಳೆ ಎಳೆದು ಕೂರಿಸಿ ಪಿಒಪಿ (ಪ್ಲಾಸ್ಟರ್ ಕಟ್ಟು) ಹಾಕಿ ಕಳ್ಸಿದ್ರು. ರಿಪೋರ್ಟಲ್ಲಿ ಹಿಂಗಿದೆ: ‘ಡಿಸ್‌ಪ್ಲೇಸ್ಡ್ ಕಮಿನ್ಯೂಟೆಡ್ ಎಕ್ಸ್‌ಟ್ರಾ ಆರ್ಟಿಕ್ಯುಲರ್ ಫ್ರಾಕ್ಚರ್, ಡಿಸ್ಟಲ್ ರೇಡಿಯಸ್, ಡಾರ್ಸಲ್ ಆಂಗ್ಯುಲೇಷನ್, ಅಲ್ನರ್ ಸ್ಟೈಲಾಯ್ಡ್ ಫ್ರಾಕ್ಚರ್, ಬೋನ್ಸ್ ಆಸ್ಟಿಯೋಪೀನಿಕ್’. ಕಮಿನ್ಯೂಟೆಡ್ ಅಂದ್ರೆ ಮೂಳೆ ಪುಡಿಪುಡಿ ಆಗಿದೆ ಅಂತ ಯಾರೋ ಅಂದ್ರು, ಮನೇಲೆಲ್ಲ ಹೆದರ್ಕೊಂಡವ್ರೆ.

ಉತ್ತರ (ಮೂಳೆ ಡಾಕ್ಟ್ರು, ಹಾಸನ): ಹೆದ್ರಬೇಡಿ, ಒಂದೊಂದಾಗಿ ನೋಡೋಣ. ಮೊಣಕೈಯಿಂದ ಮಣಿಕಟ್ಟಿನವರೆಗೆ 2 ಮೂಳೆ ಇರುತ್ತೆ, ಹೆಬ್ಬೆರಳ ಕಡೇದು ರೇಡಿಯಸ್, ಕಿರುಬೆರಳ ಕಡೇದು ಅಲ್ನಾ. ಡಿಸ್ಟಲ್ ಅಂದ್ರೆ ಮುಂಡದಿಂದ ದೂರ ಇರೋ ತುದಿ, ಹಾಗಾಗಿ ಮುರಿದಿರೋದು ರೇಡಿಯಸ್‌ದು ಮಣಿಕಟ್ಟಿನ ಹತ್ರ. ನಿಮ್ಮ ಕೈಯನ್ನೇ ಅಂಗೈ ಕೆಳಗೆ ಮಾಡಿ ಮುಟ್ಟಿ ನೋಡಿ, ಕಿರುಬೆರಳ ಕಡೆ ಮಣಿಕಟ್ಟಲ್ಲಿ ಒಂದು ಗುಬುಟು ಸಿಗುತ್ತಲ್ಲ ಅದು ಅಲ್ನಾದ ತಲೆ, ಅದರ ಪಕ್ಕದಲ್ಲಿ ಚೂಪಾಗಿ ಚಾಚ್ಕೊಂಡಿರೋ ಚೂರೇ ಸ್ಟೈಲಾಯ್ಡ್. ರೇಡಿಯಸ್ ಮುರಿದಾಗ ಅದೂ ಜೊತೆಗೆ ಕಿತ್ಕೊಳ್ಳೋದು ತುಂಬಾ ಸಾಮಾನ್ಯ, ಎಷ್ಟೋ ಸಲ ಅದಕ್ಕೆ ಬೇರೆ ಚಿಕಿತ್ಸೆನೇ ಬೇಕಾಗಲ್ಲ.

ಡಿಸ್‌ಪ್ಲೇಸ್ಡ್ ಅಂದ್ರೆ ಮುರಿದ ತುಂಡು ಜಾಗ ಬಿಟ್ಟು ಸರಿದಿದೆ ಅಂತ. ಕಮಿನ್ಯೂಟೆಡ್ ಅಂದ್ರೆ 2ಕ್ಕಿಂತ ಜಾಸ್ತಿ ತುಂಡಾಗಿದೆ ಅಂತ, ಪುಡಿ ಅಂತಲ್ಲ. ಡಾರ್ಸಲ್ ಅಂದ್ರೆ ಕೈಯ ಹಿಂಬದಿ, ತುಂಡು ಆ ಕಡೆಗೆ ವಾಲಿತ್ತು ಅದಕ್ಕೇ ಸೊಟ್ಟ ಕಂಡಿದ್ದು. ಎಕ್ಸ್‌ಟ್ರಾ ಆರ್ಟಿಕ್ಯುಲರ್ ಅನ್ನೋದು ಒಳ್ಳೇ ಸುದ್ದಿ, ಬಿರುಕು ಕೀಲಿನೊಳಕ್ಕೆ ಹೋಗಿಲ್ಲ. ನಾವು ಇದನ್ನ ಕಾಲಿಸ್ ಫ್ರಾಕ್ಚರ್ ಅಂತೀವಿ, ಡಬ್ಲಿನ್‌ನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲಿ ಬರ್ದಿದ್ದು, ಎಕ್ಸ್‌ರೇ ಬಂದಿದ್ದೇ 1895ರಲ್ಲಿ, ಅಂದ್ರೆ ಆ ಪುಣ್ಯಾತ್ಮ ಕಣ್ಣಲ್ಲಿ ನೋಡಿ ಕೈಲಿ ಮುಟ್ಟಿನೇ ಗುರುತಿಸಿದ್ದ! ಇಂಥ ಮೂಳೆ ಕಟ್ಟಿನೊಳಗೇ ಮತ್ತೆ ಜಾರಬಹುದು, ಹಾಗಾಗಿ ಒಂದು ವಾರಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸೋದು ತಪ್ಪಿಸ್ಬೇಡಿ.

ಆದ್ರೆ ನಾನು ಬೆರಳಿಟ್ಟು ತೋರಿಸೋದು ಕೊನೇ ಪದವನ್ನ, ಆಸ್ಟಿಯೋಪೀನಿಕ್, ಅದನ್ನ ಯಾರೂ ಕೇಳಲ್ಲ. ಮೂಳೆ ಸವೆದು ತೆಳುವಾಗಿ ಕಾಣ್ತಿದೆ ಅಂತ ಅರ್ಥ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿತು ಅಂದ್ರೆ ಮುಂದಿನ ಸಲ ಬಿದ್ರೆ ಸೊಂಟದ ಹತ್ರದ ತೊಡೆಮೂಳೆ ಮುರಿಯೋ ಅಪಾಯ ಜಾಸ್ತಿ, ಅದು ಬಹಳ ಕಷ್ಟ ಕೊಡುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿಯಾಗಿ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡ್ಸಿ, ಅದರಲ್ಲಿ ಬರೋ ಟಿ ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಇನ್ನೂ ಜಾಸ್ತಿ ಸವೆದಿರೋ ಕಾಯಿಲೆ, ಅದಕ್ಕೆ ಬೇರೆ ಔಷಧಿ ಇದೆ. ನಮ್ಮ ಕಡೆ ರಾಗಿಮುದ್ದೆ ತಿಂತೀವಿ, 100 ಗ್ರಾಂ ರಾಗೀಲಿ ಹೆಚ್ಚುಕಮ್ಮಿ 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ, ಒಳ್ಳೇದೇ, ಆದ್ರೆ ಸವೆದ ಮೂಳೆಗೆ ಅದೊಂದೇ ಸಾಲಲ್ಲ.

ಪ್ರಶ್ನೆ (ಅದೇ ಮನೆಯವರು): ತುಂಬಾ ಥ್ಯಾಂಕ್ಸ್ ಸಾರ್, ಸ್ಕ್ಯಾನ್ ಮಾಡಿಸ್ತೀವಿ. ಪಕ್ಕದ ಮನೆ ಅಜ್ಜ ಪಿಒಪಿ ಬಿಚ್ಚಿಸಿ ನಾಟಿ ಕಟ್ಟು ಹಾಕ್ಸಿ ಬೇಗ ಕೂಡುತ್ತೆ ಅಂತವ್ರೆ. ಬೆರಳು ಬೇರೆ ಸ್ವಲ್ಪ ಊದಿದೆ.

ಉತ್ತರ: ದಯವಿಟ್ಟು ಬಿಚ್ಚಿಸ್ಬೇಡಿ. ಸಾಮಾನ್ಯವಾಗಿ 5-6 ವಾರಕ್ಕೆ ಮೂಳೆ ಕೂಡುತ್ತೆ, ಯಾವ ಕಟ್ಟು ಕಟ್ಟಿದ್ರೂ ಮೂಳೆ ತನ್ನ ಟೈಮ್ ತಗೊಳುತ್ತೆ. ಬಿಗಿಯಾಗಿ ಕಟ್ಟಿ ರಕ್ತ ಓಡಾಟ ನಿಂತ್ರೆ ಕೈಗೇ ಕುತ್ತು. ಬಳೆ ಉಂಗುರ ತೆಗೆದಿಲ್ಲ ಅಂದ್ರೆ ಈಗ್ಲೇ ತೆಗೀರಿ, ಕೈನ ದಿಂಬಿನ ಮೇಲೆ ಎದೆಗಿಂತ ಎತ್ತರ ಇಡ್ಸಿ, ಬೆರಳು ಭುಜ ಆಡಿಸ್ತಾ ಇರಲಿ. ಬೆರಳು ನೀಲಿ ಆದ್ರೆ, ಜೋಮು ಹಿಡಿದ್ರೆ, ಮಾತ್ರೆ ತಗೊಂಡ್ರೂ ನೋವು ಏರ್ತಾನೇ ಹೋದ್ರೆ, ಬೆಳಿಗ್ಗೆ ನೋಡೋಣ ಅನ್ಬೇಡಿ, ರಾತ್ರಿನೇ ಆಸ್ಪತ್ರೆಗೆ ಹೋಗಿ, ಅಲ್ಲಿ ಕಟ್ಟು ಸಡಿಲ ಮಾಡ್ತಾರೆ.

ಪ್ರಶ್ನೆ (ಅರಸೀಕೆರೆಯಿಂದ): ಇಲ್ಲೇ ಕೇಳ್ತೀನಿ ಸಾರ್, ನಮ್ಮಪ್ಪನ ಎಂಆರ್‌ಐನಲ್ಲಿ ‘ಎಲ್4 ಎಲ್5 ಡಿಸ್ಕ್ ಬಲ್ಜ್’ ಅಂತಿದೆ, ಇದೂ ಮೂಳೆ ಮುರಿದಂಗೇನಾ?

ಉತ್ತರ: ಅಲ್ಲ. ಎಲ್ ಅಂದ್ರೆ ಲಂಬಾರ್, ಸೊಂಟದ 5 ಮೂಳೆ. 4ನೇದಕ್ಕೂ 5ನೇದಕ್ಕೂ ಮಧ್ಯ ಇರೋ ಮೆತ್ತನೆ ಬಿಲ್ಲೆ ಸ್ವಲ್ಪ ಉಬ್ಬಿದೆ ಅಷ್ಟೇ, ವಯಸ್ಸಾದವರಲ್ಲಿ ನೋವಿಲ್ಲದೇನೂ ಇದು ಕಾಣುತ್ತೆ. ಕಾಲಿಗೆ ಬಲ ಕಮ್ಮಿ ಆದ್ರೆ, ಉಚ್ಚೆ ತಡೆಯಕ್ಕಾಗದೆ ಹೋದ್ರೆ ಅಥವಾ ಕಟ್ಕೊಂಡ್ರೆ ಮಾತ್ರ ಅವತ್ತೇ ಕರ್ಕೊಂಡ್ ಬನ್ನಿ.