ಮಂಗಳೂರಿನಲ್ಲಿ ಸಣ್ಣ ಕೈಗಾರಿಕೆ ಉಳಿಯಬೇಕಾದರೆ ಏನು ಮಾಡಬೇಕು?

ಲೇತ್‌ ಕೆಲಸದವ, ಬೈಕಂಪಾಡಿ:
ಗೇರುಬೀಜ ಕಾರ್ಖಾನೆಗಳಿಗೆ ಮೆಷಿನ್ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಐಟಿಐ ಹುಡುಗರು ಬರುತ್ತಾರೆ, ಲೇತ್ ಮೇಲೆ ಕೈ ಕೂರುವಷ್ಟರಲ್ಲಿ ಗಲ್ಫಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಕಳೆದ ವಾರ ಒಬ್ಬ ಹೋದ, ಅವನು ಅರ್ಧ ಮಾಡಿದ ಶಾಫ್ಟ್ ಇನ್ನೂ ಲೇತ್‌ನ ಹಿಡಿಕೆಯಲ್ಲೇ (ಚಕ್) ಇದೆ. ಬಂದರು, ರೈಲು, ವಿಮಾನ ಎಲ್ಲ ಇರುವ ಊರು ಇದು. ಆದರೂ ಯಾಕೆ ಹೀಗೆ?

ಜೆಪ್ಪುವಿನವಳು:
1865ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ನದಿ ದಡದ ಜೇಡಿಮಣ್ಣು ಇತ್ತು, ಸಾಗಿಸಲು ದೋಣಿ ಇತ್ತು, ಮಂಗಳೂರು ಹಂಚು ಸಮುದ್ರ ದಾಟಿ ಹೋಯಿತು. ನನ್ನ ಅಜ್ಜಿ ಹಂಚು ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಕಾಂಕ್ರೀಟ್ ತಾರಸಿ ಬಂತು, ಮಣ್ಣು ಸಿಗುವುದೂ ಕಷ್ಟವಾಯಿತು, ಒಂದೊಂದೇ ಚಿಮಣಿ ಆರಿತು. ಹೊಸದನ್ನು ಕಲಿಸುವವರು ಇರಲಿಲ್ಲ ಅನ್ನೋದೇ ನನಗೆ ಜಾಸ್ತಿ ಬೇಜಾರು.

ಪುತ್ತೂರು ಕೃಷಿಕ:
ಕ್ಯಾಂಪ್ಕೊ ನೋಡಿ. 1973ರಲ್ಲಿ ಅಡಿಕೆ ಬೆಳೆಗಾರರೇ ಸೇರಿ ಕಟ್ಟಿದ ಸಹಕಾರಿ. ಕೊಕ್ಕೊ ಕೇಳುವವರೇ ಇಲ್ಲದಾದಾಗ ಖರೀದಿಗೆ ಇಳಿದರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಹೊರಗಿನ ದೊಡ್ಡ ಕಂಪನಿಗೆ ಸುಮ್ನೆ ಕಾಯುವುದಕ್ಕಿಂತ ಇದು ಒಳ್ಳೆಯದು ಅಲ್ವಾ?

ಕಿನ್ನಿಗೋಳಿ ಹುಡುಗ:
ಅಣ್ಣ, ಹಾಗೆ ಬಿಟ್ಟು ಹೋದವರಲ್ಲಿ ನಾನೂ ಒಬ್ಬ. ಸಂಬಳ ಒಂದೇ ಕಾರಣ ಅಲ್ಲ. ರಾತ್ರಿ ಪಾಳಿ ಮುಗಿದರೆ ಮನೆಗೆ ಬಸ್ಸಿಲ್ಲ, ಹತ್ತಿರದಲ್ಲಿ ಕೈಗೆಟಕುವ ಬಾಡಿಗೆ ರೂಮಿಲ್ಲ, ಪಿಎಫ್ ಕೂಡ ಇರಲಿಲ್ಲ. ನಾಲ್ಕೈದು ವರ್ಕ್‌ಶಾಪಿನವರು ಸೇರಿ ಒಂದು ವ್ಯಾನ್ ಇಟ್ಟಿದ್ದರೆ ನಾನು ಉಳಿಯುತ್ತಿದ್ದೆ.

ಲೇತ್‌ ಕೆಲಸದವ, ಬೈಕಂಪಾಡಿ:
ವ್ಯಾನ್ ವಿಷಯ ನನಗೆ ಹೊಳೆದೇ ಇರಲಿಲ್ಲ ತಮ್ಮ. ಪಕ್ಕದ ಶೆಡ್ಡಿನವರ ಹತ್ತಿರ ನಾಳೆಯೇ ಮಾತಾಡುತ್ತೇನೆ.