ವಿಷಯ: ‘ಎಕ್ಸ್‌ಪೋಶರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು

ಕರಡುಪ್ರತಿ ಬರೆದದ್ದು:

ಬಳಗದವರಿಗೆ ನಮಸ್ಕಾರ. ಎರಡು ಪುಟದ ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ. ಮೊಬೈಲು, ವೈಫೈ ರೂಟರು, ಮನೆಯ ವೈರಿಂಗು, ಇವುಗಳ ವಿದ್ಯುತ್ಕಾಂತೀಯ ಕ್ಷೇತ್ರ ದಿನಾ ನಮ್ಮ ಮೈಗೆ ತಾಗುವುದನ್ನು ಹೇಗೆ ಕಡಿಮೆ ಮಾಡಿಕೊಳ್ಳಬಹುದು ಅನ್ನುವುದು ವಿಷಯ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಸದ್ಯಕ್ಕೆ ಇರುವುದು ಹೀಗೆ:

“ದೈನಂದಿನ ಜೀವನದಲ್ಲಿ ವಿದ್ಯುತ್ಕಾಂತೀಯ ಕ್ಷೇತ್ರಗಳಿಗೆ ಒಡ್ಡಿಕೊಳ್ಳುವಿಕೆಯನ್ನು ಕಡಿಮೆಗೊಳಿಸುವಿಕೆ”

ನನ್ನ ತಂಗಿ ಇದನ್ನು ಜೋರಾಗಿ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ‘ಒಡ್ಡಿಕೆ’ ಅಂತ ಮೊಟಕು ಮಾಡಿದರೆ ನಡೆಯುತ್ತಾ? ಅಥವಾ ಬರೀ ‘ಒಡ್ಡು’ ಸಾಕಾ? ಒಳಗೊಂದು ಕೋಷ್ಟಕ ಇದೆ. ಅದರ ನೆತ್ತಿಯ ಮೇಲೆ ‘ಎಕ್ಸ್‌ಪೋಶರ್ ಮಿತಿ’ ಅಂತ ಬರಬೇಕು. ಅಲ್ಲಿ ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಅಚ್ಚಗನ್ನಡಿಗ ಬರೆದದ್ದು:

ಒಡ್ಡಿಕೆ ಆಮೇಲೆ. ಮೊದಲು ಆ ‘ವಿದ್ಯುತ್ಕಾಂತೀಯ ಕ್ಷೇತ್ರ’ ಕಿತ್ತು ಹಾಕಿ. ಕಾಂತಕ್ಕೆ ಸೂಜಿಗಲ್ಲು ಅನ್ನುವ ಪದ ಇದೆ. ವಿದ್ಯುತ್ತಿಗೆ ಮಿಂಚು ಇದೆ. ಕ್ಷೇತ್ರಕ್ಕೆ ಬಯಲು. ‘ಮಿಂಚುಗಲ್ಲಿನ ಬಯಲು’ ಅನ್ನಿ, ಮುಗೀತು.

ಹಳಗನ್ನಡ ಮೇಷ್ಟ್ರು ಬರೆದದ್ದು:

ಬರೀ ‘ಒಡ್ಡು’ ಅಂತ ಬಿಟ್ಟರೆ ಕೆಟ್ಟಿರಿ. ಹರಿಯುವ ನೀರಿಗೆ ಅಡ್ಡ ಹಾಕುವ ಏರಿಯೇ ಒಡ್ಡು. ‘ವಿಕಿರಣದ ಒಡ್ಡು’ ಅಂತ ಓದಿದವನು ವಿಕಿರಣ ತಡೆಯುವ ಗೋಡೆ ಅಂದುಕೊಳ್ಳುತ್ತಾನೆ. ನಿಮಗೆ ಬೇಕಾದ ಅರ್ಥಕ್ಕೆ ನೇರ ಉಲ್ಟಾ.

ಕ್ರಿಯಾಪದ ತೆಗೆದುಕೊಂಡರೆ ಬೇರೆಯೇ ತೊಡಕು. ಕೈಯೊಡ್ಡು, ಎದೆಯೊಡ್ಡು, ಸೆರಗೊಡ್ಡು, ಬಲೆ ಒಡ್ಡು, ಸವಾಲು ಒಡ್ಡು. ಎಲ್ಲದರಲ್ಲೂ ಇರುವುದು ಬೇಕೆಂದೇ ಮುಂದೆ ಚಾಚುವುದು. ರಾಜನ ಒಡ್ಡೋಲಗದಲ್ಲಿ ಇರುವುದೂ ಇದೇ ಒಡ್ಡು, ಎದುರಿಗೆ ಸಾಲಾಗಿ ಕೂಡಿಸಿದ ಓಲಗ. (ಇದರ ಮೇಲೆ ಬರೆಯುತ್ತಾ ಹೋದರೆ ರಾತ್ರಿ ಕಳೆದೀತು, ಬಿಡುತ್ತೇನೆ.) ‘ಕೊಳ್ಳು’ ಸೇರಿಸಿದ ಮೇಲಂತೂ ಕೇಳುವುದೇ ಬೇಡ, ಮಾಡುವವನೂ ತಾನೇ, ಫಲ ಉಣ್ಣುವವನೂ ತಾನೇ. ಪಕ್ಕದ ಮನೆಯ ರೂಟರಿನ ಅಲೆಗೆ ನಾನು ಯಾವತ್ತು ಮೈಯೊಡ್ಡಿಕೊಂಡೆ? ಅದು ಹೇಳದೆ ಕೇಳದೆ ಬಂತು.

ನೀವೇ ಮೊದಲ ಪ್ಯಾರಾದಲ್ಲಿ ‘ಮೈಗೆ ತಾಗುವುದನ್ನು’ ಅಂತ ಬರೆದಿದ್ದೀರಲ್ಲ ಮೇಡಂ! ಬಿಸಿಲು ತಾಗುತ್ತದೆ, ಗಾಳಿ ತಾಗುತ್ತದೆ. ಇಂಗ್ಲಿಷಿನವರು ನಾಮಪದದಲ್ಲಿ ಕಟ್ಟಿಟ್ಟದ್ದನ್ನು ಕನ್ನಡ ಕ್ರಿಯಾಪದದಲ್ಲಿ ಬಿಚ್ಚುತ್ತದೆ. ನಿಮಗೆ ತಿಳಿಯದೆಯೇ ಸರಿಯಾಗಿ ಬರೆದಿರಿ, ಅನುವಾದಕ್ಕೆ ಕೂತಾಗ ಕೆಡಿಸಿದಿರಿ.

ತಂತಿಕಂಬ ಬರೆದದ್ದು:

ಮೇಷ್ಟ್ರೇ, ವ್ಯಾಕರಣ ಒಪ್ಪಿದೆ. ಆದರೆ ‘ವಿದ್ಯುತ್ ತಗುಲಿ ಸಾವು’ ಅಂತ ಪತ್ರಿಕೆಯಲ್ಲಿ ನೋಡಿಲ್ವಾ? ವೈರಿಂಗಿನ ಮಾತು ಬಂದ ಕಡೆ ‘ಮೈಗೆ ತಾಗುತ್ತದೆ’ ಅಂದರೆ ಓದುಗ ಶಾಕ್ ಹೊಡೆಯುವುದು ಅಂತಲೇ ತಿಳಿಯುತ್ತಾನೆ. ಅಲೆಗೆ ‘ತಾಗು’ ಪರವಾಗಿಲ್ಲ. ತಂತಿಗೆ ಖಂಡಿತ ಬೇಡ. ‘ಸೋಕು’ ಅನ್ನೋಣ ಅಂದರೆ ಅದರ ‘ಸೋಂಕು’ ಈಗ ಆಸ್ಪತ್ರೆಯ ಪದವಾಗಿಬಿಟ್ಟಿದೆ.

ಇನ್ನೊಂದು. ಮೇಷ್ಟ್ರು ಮಾತಿನ ಭರದಲ್ಲಿ ‘ವಿಕಿರಣ’ ಅಂದರು. ಕರಪತ್ರದಲ್ಲಿ ಎಲ್ಲ ಕಡೆ ಅದನ್ನು ಹಾಕಬೇಡಿ. ಮನೆಯ ವೈರಿಂಗಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ ಏರಿಳಿತ. ಅದರ ಹತ್ತಿರ ಇರುವುದು ಕ್ಷೇತ್ರ, ಹೊರಟು ಹೋಗುವ ಕಿರಣ ಅಲ್ಲ. ರೂಟರಿನದು 2.4 ಗಿಗಾಹರ್ಟ್ಸ್, ಅಲ್ಲಿ ‘ಅಲೆ’ ಅಥವಾ ‘ತರಂಗ’ ಸರಿ. ‘ವಿಕಿರಣ’ ಅಂದ ಕೂಡಲೇ ಜನಕ್ಕೆ ಎಕ್ಸ್‌ರೇ, ಅಣುಬಾಂಬು ನೆನಪಾಗುತ್ತದೆ. ಅವು ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಬಲದವು. ಇವಕ್ಕೆ ಆ ತಾಕತ್ತಿಲ್ಲ.

ಕೋಷ್ಟಕ ಕಳಿಸಿ, ನೋಡುತ್ತೇನೆ.

ಕರಡುಪ್ರತಿ ಬರೆದದ್ದು:

ಎರಡೇ ಸಾಲು ಇದೆ ಸರ್, ಎರಡೂ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ. 50 ಹರ್ಟ್ಸ್ ಕಾಂತಕ್ಷೇತ್ರ, ಸಾರ್ವಜನಿಕರಿಗೆ 200 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಮೊಬೈಲು, ತಲೆಯ ಭಾಗಕ್ಕೆ ಕೆಜಿಗೆ 2 ವ್ಯಾಟ್. ಕೆಳಗೆ ಒಂದು ಸಾಲು, “ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು ಸಂಭಾವ್ಯ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ.”

ತಂತಿಕಂಬ ಬರೆದದ್ದು:

ಆ ಎರಡು ಸಾಲು ಒಂದೇ ಜಾತಿಯವಲ್ಲ. ಮೊದಲನೆಯದನ್ನು ಹೊರಗೆ, ಗಾಳಿಯಲ್ಲಿ ಅಳೆಯುತ್ತಾರೆ. ಎರಡನೆಯದು ಮೈಯ ಒಳಗೆ ಎಷ್ಟು ಹೀರಿತು ಅನ್ನುವ ಲೆಕ್ಕ. ಒಂದಕ್ಕೆ ‘ಒಡ್ಡಿಕೆ’, ಇನ್ನೊಂದಕ್ಕೆ ‘ಹೀರಿಕೆ’ ಅಂತ ಬೇರೆ ಮಾಡಿ. ಇಂಗ್ಲಿಷಿನಲ್ಲಿ ಎರಡನ್ನೂ ಎಕ್ಸ್‌ಪೋಶರ್ ಅನ್ನುವ ಒಂದೇ ಚೀಲಕ್ಕೆ ತುರುಕಿದ್ದಾರೆ. ನಾವೂ ತುರುಕಬೇಕಾಗಿಲ್ಲ.

ಕೆಳಗಿನ ‘ಸಂಭಾವ್ಯ’ ಅಪಾಯದ ಪದ. ಆ ಸಂಸ್ಥೆಯ ಪಟ್ಟಿಯಲ್ಲಿ 2ಎ, 2ಬಿ ಅಂತ ಎರಡು ಮೆಟ್ಟಿಲು ಇವೆ. 2ಎ ಅಂದರೆ ‘ಬಹುಶಃ ಹೌದು’. 2ಬಿ ಅಂದರೆ ‘ಇದ್ದರೂ ಇರಬಹುದು’. ಕನ್ನಡದಲ್ಲಿ ಎರಡಕ್ಕೂ ‘ಸಂಭಾವ್ಯ’ ಹಚ್ಚಿ ಕೂತಿದ್ದೇವೆ. ಫೋನು, ರೂಟರು ಬಿಡುವ ಅಲೆಯೂ ಸೇರಿದಂತೆ ರೇಡಿಯೋ ತರಂಗ ಇರುವುದು 2ಬಿಯಲ್ಲಿ. ‘ಕ್ಯಾನ್ಸರ್ ತರಲೂಬಹುದು, ಪುರಾವೆ ಸಾಲದು’ ಅಂತ ಬಿಡಿಸಿ ಬರೆಯಿರಿ. ಸಾಲು ಉದ್ದವಾಗುತ್ತದೆ, ಆಗಲಿ.

ಅಚ್ಚಗನ್ನಡಿಗ ಬರೆದದ್ದು:

ನಾನು ಹೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸಂಸ್ಕೃತದ ಮೂಟೆ ಹೊತ್ತೇ ವಿಜ್ಞಾನ ಹೇಳಬೇಕು ಅನ್ನುವ ಚಟ ಎಂದಿಗೆ ಹೋಗುತ್ತದೋ.

ಹಳಗನ್ನಡ ಮೇಷ್ಟ್ರು ಬರೆದದ್ದು:

ಉತ್ತರ ಬೇಕಾ? ತಗೊಳ್ಳಿ. ನಿಮ್ಮ ಸೂಜಿಗಲ್ಲಿನ ‘ಸೂಜಿ’ ಸಂಸ್ಕೃತದ ‘ಸೂಚಿ’ಯ ತದ್ಭವ. ಶಾಲೆಯ ಪಟ್ಟಿಯಲ್ಲೇ ಇದೆ. ಇನ್ನು ಬಯಲು. ಗುಟ್ಟು ಬಯಲಾಯಿತು ಅನ್ನುತ್ತೇವೆ, ಅಂದರೆ ಬಯಲೇ ಒಂದು ಬಗೆಯ ಎಕ್ಸ್‌ಪೋಶರ್. ‘ಬಯಲಿಗೆ ಬಯಲಾಗುವುದನ್ನು ಕಡಿಮೆ ಮಾಡಿ’ ಅಂತ ಅಚ್ಚು ಹಾಕಿಸೋಣವೇ?

ಅಚ್ಚಗನ್ನಡಿಗ ಬರೆದದ್ದು:

ಸೂಚಿ ಬಂದು ಸೂಜಿ ಆಯಿತು. ನಮ್ಮ ನಾಲಿಗೆಗೆ ಬಗ್ಗಿತು, ನಮ್ಮದಾಯಿತು. ನನ್ನ ಜಗಳ ಬಗ್ಗದೆ ನಿಂತಿರುವ ಪದಗಳ ಜೊತೆ. ‘ವಿದ್ಯುತ್ಕಾಂತೀಯ’ವನ್ನು ಒಬ್ಬ ಹಳ್ಳಿಯ ಹುಡುಗನ ಬಾಯಲ್ಲಿ ಹೇಳಿಸಿ ನೋಡೋಣ.

ತಂತಿಕಂಬ ಬರೆದದ್ದು:

ಆ ಲೆಕ್ಕದಲ್ಲಿ ‘ಕರೆಂಟು’ ಮಿಂಚಿಗಿಂತ ಅಚ್ಚಗನ್ನಡ. ಅದು ಎಂದೋ ಬಗ್ಗಿ ಮಲಗಿದೆ. ಅಂದಹಾಗೆ ಇಂಗ್ಲಿಷಿನ ‘ಎಲೆಕ್ಟ್ರಿಕ್’ ಕೂಡ ಸಾಲದ್ದೇ. ಗ್ರೀಕರಲ್ಲಿ ‘ಎಲೆಕ್ಟ್ರಾನ್’ ಅಂದರೆ ಮರದ ಅಂಟು ಗಟ್ಟಿಯಾಗಿ ಕಲ್ಲಾದದ್ದು. ಅದನ್ನು ಉಜ್ಜಿದರೆ ಹಗುರ ಚೂರುಗಳನ್ನು ಎಳೆದುಕೊಳ್ಳುತ್ತಿತ್ತು. ಸಾಲ ಮಾಡಿದ್ದಕ್ಕೆ ಅವರೇನೂ ಮುಳುಗಲಿಲ್ಲ.

ಕರಡುಪ್ರತಿ ಬರೆದದ್ದು:

ಎಲ್ಲರೂ ದಯವಿಟ್ಟು! ಅಚ್ಚಿನವರು ಎರಡು ಸಲ ಫೋನ್ ಮಾಡಿದರು. ತಲೆಬರಹ ಒಂದು ಹೇಳಿಬಿಡಿ.

ತಂತಿಕಂಬ ಬರೆದದ್ದು:

ಒಳಗಿರುವ ಸಲಹೆಗಳೇನು? ಫೋನು ಕಿವಿಗೆ ಒತ್ತದೆ ಸ್ಪೀಕರಿನಲ್ಲೋ ತಂತಿಯ ಇಯರ್‌ಫೋನಿನಲ್ಲೋ ಮಾತಾಡಿ. ಸಿಗ್ನಲ್ ಕಡಿಮೆ ಇರುವಲ್ಲಿ ಮಾತು ಮೊಟಕು ಮಾಡಿ, ಯಾಕೆಂದರೆ ಆಗ ಫೋನು ಜಾಸ್ತಿ ಜೋರಾಗಿ ಅಲೆ ಬಿಡುತ್ತದೆ. ಮಲಗುವಾಗ ತಲೆದಿಂಬಿನ ಕೆಳಗೆ ಇಡಬೇಡಿ. ರೂಟರು ಮಂಚಕ್ಕೆ ಅಂಟಿಕೊಂಡು ಬೇಡ. ಇವೇ ತಾನೇ? ಮುಕ್ಕಾಲು ಪಾಲು ‘ದೂರ’ದ ಮಾತು. ದೂರ ಎರಡು ಪಟ್ಟಾದರೆ ಅಲೆಯ ಜೋರು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಮೋಟಾರಿರುವ ಸಾಮಾನಿನ ಕಾಂತಕ್ಷೇತ್ರ ಇನ್ನೂ ಬೇಗ ಇಳಿಯುತ್ತದೆ. ಹಾಗಿದ್ದ ಮೇಲೆ ತಲೆಬರಹದಲ್ಲಿ ಎಕ್ಸ್‌ಪೋಶರ್ ಯಾಕೆ ಬೇಕು? “ಫೋನು, ರೂಟರು, ವೈರಿಂಗು: ಕೊಂಚ ದೂರವಿರಲಿ” ಅನ್ನಿ.

ಹಳಗನ್ನಡ ಮೇಷ್ಟ್ರು ಬರೆದದ್ದು:

ಚೆನ್ನಾಗಿದೆ. ಅನುವಾದ ಅಲ್ಲ, ಆದರೆ ಚೆನ್ನಾಗಿದೆ. ಕೋಷ್ಟಕದಲ್ಲಿ ‘ಒಡ್ಡಿಕೆ’ ಇರಲಿ, ಅಂಕಿಗಳ ನಡುವೆ ಅದನ್ನು ಯಾರೂ ಏರಿ ಅಂದುಕೊಳ್ಳುವುದಿಲ್ಲ. ಪಠ್ಯದಲ್ಲಿ ಅಲೆಗೆ ‘ತಾಗು’ ಬಳಸಿ, ವೈರಿಂಗಿನ ಕಡೆ ‘ಹತ್ತಿರ ಇರುವುದು’ ಅಂತ ದಾಟಿಸಿ.

ಕರಡುಪ್ರತಿ ಬರೆದದ್ದು:

ಕಳಿಸಿಬಿಟ್ಟೆ. ತಲೆಬರಹ ತಂತಿಕಂಬ ಸರ್ ಹೇಳಿದ್ದೇ. ಕೋಷ್ಟಕದಲ್ಲಿ ‘ಒಡ್ಡಿಕೆ ಮಿತಿ’, ‘ಹೀರಿಕೆ ಮಿತಿ’. ಮೇಷ್ಟ್ರ ‘ತಾಗು’ ಮೂರು ಕಡೆ ಬಂದಿದೆ. ತಂಗಿ ಈ ಸಲ ಪೂರ್ತಿ ಓದಿದಳು. ಎಲ್ಲರಿಗೂ ಥ್ಯಾಂಕ್ಸ್.

ಅಚ್ಚಗನ್ನಡಿಗ ಬರೆದದ್ದು:

‘ಮಿತಿ’ಗೆ ‘ಎಲ್ಲೆ’ ಅನ್ನಬಹುದಿತ್ತು.