ಪದಚರ್ಚೆ: 'ಕನ್ಯಾಪೊರೆ', 'ಯೋನಿ', 'ಭಗ' – ಆಪರೇಷನ್ ಒಪ್ಪಿಗೆ ಪತ್ರದಲ್ಲಿ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಹೆಂಗಸರ ಜನನಾಂಗಕ್ಕೆ ಮಾಡುವ ಆಪರೇಷನ್‌ಗಳಿಗೆ ಕನ್ನಡದಲ್ಲಿ ಒಪ್ಪಿಗೆ ಪತ್ರ ಮತ್ತು ಮಾಹಿತಿ ಹಾಳೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಸಹಿ ಹಾಕುವವಳಿಗೆ ತನ್ನ ಮೈಗೆ ಏನು ಮಾಡುತ್ತಾರೆ ಅನ್ನುವುದು ಓದಿದ ಕೂಡಲೇ ತಿಳಿಯಬೇಕು. ಈಗ ಬಳಕೆಯಲ್ಲಿರುವ ಕೆಲವು ಪದಗಳು ಅದಕ್ಕೇ ಅಡ್ಡ ಬರುತ್ತಿವೆ. ನಿಮ್ಮ ಸಲಹೆ ಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು 'ಕನ್ಯಾಪೊರೆ', ಅಂದರೆ ಯೋನಿಯ ಬಾಯಲ್ಲಿರುವ ತೆಳು ಪೊರೆ, ಇಂಗ್ಲಿಷಿನ ಹೈಮೆನ್. ಕೆಲವು ಹುಡುಗಿಯರಿಗೆ ಹುಟ್ಟಿನಿಂದಲೇ ಈ ಪೊರೆಯಲ್ಲಿ ತೂತು ಇರುವುದಿಲ್ಲ. ದೊಡ್ಡವಳಾದ ಮೇಲೆ ಮುಟ್ಟಿನ ರಕ್ತ ಹೊರಗೆ ಬರಲು ದಾರಿಯಿಲ್ಲದೆ ಒಳಗೇ ತುಂಬಿಕೊಳ್ಳುತ್ತದೆ. ತಿಂಗಳು ತಿಂಗಳೂ ಹೊಟ್ಟೆನೋವು, ಆದರೆ ಮುಟ್ಟು ಕಾಣಿಸುವುದಿಲ್ಲ. ಕೆಲವರಿಗೆ ಮೂತ್ರವೂ ಕಟ್ಟಿಕೊಳ್ಳುತ್ತದೆ. ಪೊರೆಯನ್ನು ಕತ್ತರಿಸಿ ದಾರಿ ಮಾಡಿಕೊಟ್ಟರೆ ಸಾಕು, ಚಿಕ್ಕ ಆಪರೇಷನ್. ಆದರೆ ಪತ್ರದಲ್ಲಿ 'ಮಗಳ ಕನ್ಯಾಪೊರೆ ಕತ್ತರಿಸಲು ಒಪ್ಪಿದ್ದೇನೆ' ಅಂತ ಇದ್ದರೆ 13 ವರ್ಷದ ಹುಡುಗಿಯ ತಾಯಿ ಏನಂದುಕೊಳ್ಳಬೇಕು? ಮಗಳ ನೋವಿಗಿಂತ ಮೊದಲು ಅವಳ ಮದುವೆಯ ಚಿಂತೆ ಹತ್ತಿಕೊಳ್ಳುತ್ತದೆ, ಅಲ್ವಾ? ಆ ಚಿಂತೆ ತಂದದ್ದು ಕಾಯಿಲೆಯಲ್ಲ, ನಾವು ಬರೆದ ಪದ.

ಆ ಪದ ಹೇಳುವುದು ನಿಜವೂ ಅಲ್ಲ. ಈ ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ಆಕಾರದಲ್ಲಿರುತ್ತದೆ. ಅದನ್ನು ನೋಡಿ ಒಬ್ಬಳು ಗಂಡಸಿನ ಜೊತೆ ಕೂಡಿದ್ದಾಳೋ ಇಲ್ಲವೋ ಅಂತ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕನ್ಯತ್ವ ಪರೀಕ್ಷೆಯನ್ನು ಎಲ್ಲ ಕಡೆ ನಿಲ್ಲಿಸಬೇಕು ಅಂತ ಕೇಳಿಕೊಂಡವು. ಅತ್ಯಾಚಾರದ ಕೇಸುಗಳಲ್ಲಿ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ತಪ್ಪು ಅಂತ ನಮ್ಮ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರಲ್ಲಿ ಇನ್ನೂ ಕಟುವಾಗಿ ಹೇಳಿತು.

ಇಷ್ಟಾದರೂ ಪೊರೆಗೆ ಹೊಲಿಗೆ ಹಾಕುವ ಆಪರೇಷನ್‌ಗೆ 'ಕನ್ಯತ್ವ ಮರಳಿ ಪಡೆಯಿರಿ' ಅನ್ನುವ ಥರದ ಜಾಹೀರಾತು ಇದೆ. ಬ್ರಿಟನ್ 2022ರಲ್ಲಿ ಈ ಹೊಲಿಗೆಯನ್ನೇ ಅಪರಾಧ ಅಂತ ಕಾನೂನು ಮಾಡಿತು. ಹೆಂಗಸು ತಾನೇ ಒಪ್ಪಿದ್ದರೂ ಅಲ್ಲಿ ಮಾಡುವಂತಿಲ್ಲ. ಸ್ವೀಡನ್ನಿನವರು ಪದವನ್ನೇ ಬದಲಿಸಲು ಹೊರಟರು. ಅಲ್ಲಿ ಲೈಂಗಿಕ ಶಿಕ್ಷಣಕ್ಕೆ ದುಡಿಯುವ ಸಂಸ್ಥೆಯೊಂದು 2009ರಲ್ಲಿ, ಕನ್ಯತ್ವದ ಅರ್ಥ ಇದ್ದ ಹಳೆಯ ಹೆಸರಿನ ಬದಲು 'ಸ್ಲಿಡ್‌ಕ್ರಾನ್ಸ್' ಅನ್ನುವ ಪದವನ್ನು ಮುಂದಿಟ್ಟಿತು. ಯೋನಿಯ ಸುತ್ತಿನ ಬಳೆ ಅಥವಾ ಮಾಲೆ ಅನ್ನಬಹುದು. ನಾನು ಸದ್ಯಕ್ಕೆ 'ಯೋನಿಬಾಯಿಯ ಪೊರೆ' ಅಂತ ಬರೆದಿದ್ದೇನೆ. ಎಲ್ಲಿದೆ ಅಂತ ಹೇಳುತ್ತದೆ, ಅಷ್ಟೇ. ಇದಕ್ಕಿಂತ ಚಿಕ್ಕ ಪದ ಸಿಗುತ್ತದಾ?

ಎರಡನೆಯದು 'ಯೋನಿ'. ಒಳಗಿನ ದಾರಿಗೂ ಅದೇ ಪದ, ಹೊರಗೆ ಕಾಣುವ ಇಡೀ ಭಾಗಕ್ಕೂ ಅದೇ ಪದ. ಇದರಿಂದ ಬೇರೆ ಬೇರೆ ಆಪರೇಷನ್‌ಗಳೆಲ್ಲ 'ಯೋನಿ ಶಸ್ತ್ರಚಿಕಿತ್ಸೆ' ಆಗಿಬಿಟ್ಟಿವೆ. ಲೇಬಿಯಾಪ್ಲಾಸ್ಟಿ ಮಾಡುವುದು ಹೊರಗೆ ಕಾಣುವ ತುಟಿಯಂಥ ಚರ್ಮಕ್ಕೆ, ಹೆಚ್ಚಾಗಿ ಚೆಂದಕ್ಕೆ. ಹೆರಿಗೆಯಾದ ಮೇಲೆ ಗರ್ಭಕೋಶ ಜಾರಿ ಕಷ್ಟಪಡುವವಳಿಗೆ ಮಾಡುವುದು ಬೇರೆಯೇ. ಹುಟ್ಟಿನಿಂದಲೇ ಯೋನಿ ಬೆಳೆಯದ ಹುಡುಗಿಗೆ ಹೊಸದಾಗಿ ಕಟ್ಟಿಕೊಡುವುದು ಇನ್ನೂ ಬೇರೆ. ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೀಗಿರುತ್ತದೆ. ಈ ಮೂವರಿಗೂ ಒಂದೇ ಹೆಸರಿನ ಕಾಗದ ಕೊಟ್ಟರೆ, ಗರ್ಭಕೋಶ ಜಾರಿದವಳು 'ಈ ವಯಸ್ಸಲ್ಲಿ ಇದೆಲ್ಲ ಬೇಕಾ' ಅನ್ನುವ ಮಾತಿಗೆ ಹೆದರಿ ಸುಮ್ನೆ ನೋವು ತಿನ್ನುತ್ತಾಳೆ. ಹಾಗಾಗಬಾರದು.

ಹೊರಭಾಗಕ್ಕೆ 'ಭಗ' ಅನ್ನಬಹುದು. ಪದ ಹಳೆಯದು. ಭಗಂದರ ಅಂದರೆ ಈಗ ಎಲ್ಲರಿಗೂ ಗುದದ ಕಾಯಿಲೆ. ಆದರೆ ಸುಶ್ರುತನ ಪ್ರಕಾರ ಭಗ, ಗುದ, ಬಸ್ತಿ (ಮೂತ್ರಚೀಲ) ಈ ಮೂರೂ ಜಾಗವನ್ನು ಸೀಳುವುದರಿಂದ ಅದಕ್ಕೆ ಆ ಹೆಸರು. ತೊಡಕು ಅಂದರೆ, ಇವತ್ತು ಓದುವ ಹೆಂಗಸಿಗೆ 'ಭಗ' ಅರ್ಥವಾಗುವುದೇ ಅನುಮಾನ. ಅವಳ ಬಾಯಲ್ಲಿರುವುದು 'ಕೆಳಗಡೆ', 'ಆ ಜಾಗ', 'ಮೂತ್ರ ಹೋಗುವ ಜಾಗ'. ನಮ್ಮದೇ ಆದ ಅಚ್ಚಗನ್ನಡದ ಪದವನ್ನು ಬೈಗುಳಕ್ಕೆ ಬಿಟ್ಟುಕೊಟ್ಟಿದ್ದೇವೆ. ನನಗೆ ಅದು ನಿಜವಾಗಿ ಬೇಸರದ ವಿಷಯ. ಆ ತುಟಿಯಂಥ ಚರ್ಮಕ್ಕೆ 'ಭಗೋಷ್ಠ' ಬೇಡ, 'ಒಳತುಟಿ', 'ಹೊರತುಟಿ' ಸಾಕು ಅಂತ ನನ್ನ ತೀರ್ಮಾನ.

ಇನ್ನು ಕ್ರಿಯಾಪದ. ಲೇಬಿಯಾಪ್ಲಾಸ್ಟಿಗೆ 'ಯೋನಿತುಟಿ ಸರಿಪಡಿಸುವ ಚಿಕಿತ್ಸೆ' ಅಂತ ಬರೆದರೆ ಮೊದಲೇ ಏನೋ ಕೆಟ್ಟಿದೆ ಅಂತಾಗುತ್ತದೆ. 2005ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 50 ಹೆಂಗಸರನ್ನು ಅಳೆದಿದ್ದರು. ಒಳತುಟಿಯ ಅಗಲ 7 ಮಿಲಿಮೀಟರ್‌ನಿಂದ 50 ಮಿಲಿಮೀಟರ್‌ವರೆಗೂ ಇತ್ತು. ಇಷ್ಟೇ ಇರಬೇಕು ಅನ್ನುವ ಲೆಕ್ಕವೇ ಇಲ್ಲ. ಹಾಗಾಗಿ 'ಒಳತುಟಿ ಕಿರಿದು ಮಾಡುವ ಆಪರೇಷನ್' ಅಂತ ಬರೆದಿದ್ದೇನೆ. 'ಸರಿಪಡಿಸು' ಅನ್ನುವುದನ್ನು ಹೆರಿಗೆಯಲ್ಲಿ ಹರಿದದ್ದಕ್ಕೆ, ಜಾರಿದ್ದಕ್ಕೆ ಇಟ್ಟುಕೊಂಡಿದ್ದೇನೆ. 'ಯೋನಿ ನವಯೌವನ' ಅನ್ನುವ ಥರದ ಹೆಸರನ್ನು ಬಿಟ್ಟೇಬಿಟ್ಟೆ. ಆ ಹೆಸರಲ್ಲಿ ಮಾರುತ್ತಿದ್ದ ಲೇಸರ್ ಉಪಕರಣಗಳಿಂದ ಸುಟ್ಟ ಗಾಯ, ಕಲೆ, ನೋವು ಆಗಬಹುದು ಅಂತ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. 'ಲೇಸರ್ ಶಾಖ ಕೊಡುವುದು' ಅಂತ ಬರೆದರೆ ಓದುವವಳು ಒಂದು ಪ್ರಶ್ನೆಯಾದರೂ ಕೇಳುತ್ತಾಳೆ.

ಒಂದು ಪದ ಮಾತ್ರ ಸಿಕ್ಕೇ ಇಲ್ಲ. ಹೆರಿಗೆ ದಿನಗಟ್ಟಲೆ ಎಳೆದಾಗ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದು, ಮೂತ್ರ ಸದಾ ಸೋರುವ ಸ್ಥಿತಿಗೆ ಏನನ್ನೋಣ? 'ಭಗಂದರ' ಅಂದರೆ ಗುದದ ಕಡೆ ಹೋಗುತ್ತದೆ, ಡಾಕ್ಟರುಗಳ 'ಫಿಸ್ಟುಲಾ' ಅಂದರೂ ಅಷ್ಟೇ. ಸೂಲಗಿತ್ತಿಯರ ಬಾಯಲ್ಲಿ ಇದಕ್ಕೊಂದು ಮಾತು ಇದ್ದಿರಲೇಬೇಕು. ಉತ್ತರ ಕರ್ನಾಟಕ, ಕರಾವಳಿ, ಮಲೆನಾಡು ಯಾವ ಕಡೆಯದಾದರೂ ಸರಿ. ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ. ತಿದ್ದಬೇಡಿ.